ಟೋಕಿಯೋ ಖಾನಾವಳಿ

ಗುರುಲಿಂಗವ್ವ ಊಟಕ್ಕೆ ಕೂತಾಗ ಮೊದಲು ಆಡುವ ಮಾತು "ಬ್ಯಾಡ". ಎರಡನೆಯ ಸಲ ಕೇಳಿದರೂ "ಬ್ಯಾಡ". ಮೂರನೆಯ ಸಲ ಕೇಳಿದರೆ ಮಾತ್ರ "ಹಾಕೂದಾದ್ರ ಅರ್ಧ ಹಾಕು" ಅನ್ನುತ್ತಾಳೆ. ಇಡೀ ರೊಟ್ಟಿ ಹಾಕಿದರೆ ಇಡೀ ರೊಟ್ಟಿಯನ್ನೇ ಉಣ್ಣುತ್ತಾಳೆ. ಹುನಗುಂದದಲ್ಲಿ ಅವಳ ಓಣಿಯವರೆಲ್ಲ ಹೀಗೆಯೇ ಉಂಡು ಬೆಳೆದವರು. ಕೇಳಿದ ಕೂಡಲೇ "ಹಾಕು" ಅಂದವರನ್ನು ಅಲ್ಲಿ ಹೊಟ್ಟೆಬಾಕ ಅನ್ನುತ್ತಿದ್ದರು, ಒಮ್ಮೆ ಕೇಳಿ ಸುಮ್ಮನಾದವರನ್ನು ಜುಗ್ಗ ಅನ್ನುತ್ತಿದ್ದರು. ಈ ಎರಡೂ ಹೆಸರು ತನಗೆ ಅಂಟದಂತೆ ಗುರುಲಿಂಗವ್ವ ಇಷ್ಟು ವರ್ಷ ಚೆನ್ನಾಗಿಯೇ ಬಾಳಿಕೊಂಡು ಬಂದಿದ್ದಳು.

ಗಂಡ ಸಂಗಯ್ಯ ಇದ್ದಾಗ ಅದಕ್ಕೇನೂ ತೊಂದರೆ ಇರಲಿಲ್ಲ. ಸೊಸಾಯಿಟಿಯಲ್ಲಿ ಗುಮಾಸ್ತನಾಗಿದ್ದ ಆತ ಮಾತು ಕಡಿಮೆಯ ಮನುಷ್ಯ. ಆದರೆ ತಾನು ಉಂಡು ಕೈತೊಳೆದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತು, ಹೆಂಡತಿ ಉಣ್ಣುವುದನ್ನು ನೋಡುತ್ತ "ಇನ್ನೊಂದು ಹಾಕ್ಕೋ. ಏ, ಹಾಕ್ಕೋ ಅಂದೆ. ಹಾಕ್ಕೋತೀಯೋ ನಾನ ಏಳ್ಲೋ?" ಅನ್ನುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಹೋದ ವರ್ಷ ಆತ ತೀರಿಕೊಂಡ. ವರ್ಷದ ಕಾರ್ಯ ಮುಗಿದ ಮೇಲೆ ಮಗ ಅನಿಲಕುಮಾರ ತಾಯಿಯನ್ನು ಬಾಗಲಕೋಟೆಯ ನವನಗರಕ್ಕೆ, ತನ್ನ ಮನೆಗೆ ಕರೆದುಕೊಂಡು ಬಂದ.

ಅನಿಲಕುಮಾರ ನೀರಾವರಿ ಕಚೇರಿಯಲ್ಲಿ ಕ್ಲರ್ಕು. ಹೆಂಡತಿ ಶೀಲಾ ಖಾಸಗಿ ದವಾಖಾನೆಯೊಂದರ ಲ್ಯಾಬಿನಲ್ಲಿ ರಕ್ತ ತಪಾಸಣೆ ಮಾಡುವವಳು. ಅವರಿಗೊಬ್ಬಳೇ ಮಗಳು, ಕಾಲೇಜಿಗೆ ಹೋಗುವ ಸೃಷ್ಟಿ. ಅಜ್ಜಿಯನ್ನು ಆಯಿ ಎಂದು ಕರೆಯುತ್ತಾಳೆ. ಶೀಲಾ ಬೆಳಗ್ಗೆ ಬೇಗ ಎದ್ದು, ಪಲ್ಯ, ಬೇಳೆ, ಚಪಾತಿ ಮಾಡಿ, ಹಿಂದಿನ ಸಂಜೆ ರೊಟ್ಟಿ ಕೇಂದ್ರದಿಂದ ತಂದ ರೊಟ್ಟಿಯನ್ನೂ ಟೇಬಲ್ಲಿನ ಮೇಲೆ ಜೋಡಿಸಿಟ್ಟು ಹೊರಡುತ್ತಿದ್ದಳು.

"ಎಲ್ಲಾ ಇಲ್ಲೇ ಐತ್ರಿ ಅತ್ತ್ಯಾರ. ನಿಮಗೆಷ್ಟು ಬೇಕೋ ಅಷ್ಟು ಹಾಕ್ಕೊಳ್ರಿ."

ಹಾಗೆ ಹೇಳುವಾಗ ಅವಳ ಮನಸ್ಸಿನಲ್ಲಿ ಇದ್ದದ್ದು ಗೌರವವೇ. ಹಿರಿಯರ ತಾಟಿನಲ್ಲಿ ಏನಿದೆ ಎಷ್ಟಿದೆ ಎಂದು ಇಣುಕಬಾರದು, ಮನೆ ಅವರದು, ಕೈ ಅವರದು ಅನ್ನುವುದು ಅವಳ ಲೆಕ್ಕ. ಗುರುಲಿಂಗವ್ವ ಮಾತ್ರ ಮುಚ್ಚಿದ ಡಬ್ಬಿಗಳನ್ನು ಬಿಚ್ಚಿ ತಾನೇ ಬಡಿಸಿಕೊಂಡು ಉಣ್ಣುವುದೆಂದರೆ ಯಾರದೋ ಮನೆಗೆ ಕದಿಯಲು ಹೊಕ್ಕವಳಂತೆ ಸಂಕೋಚಪಡುತ್ತಿದ್ದಳು. ಲಿಂಗಪೂಜೆ ಮುಗಿಸಿ, ಮಧ್ಯಾಹ್ನ ಒಂದು ಚಪಾತಿಗೆ ಚೂರು ಚಟ್ನಿ ಹಚ್ಚಿಕೊಂಡು ಮುಗಿಸಿಬಿಡುತ್ತಿದ್ದಳು.

ರಾತ್ರಿಯ ಊಟಕ್ಕೆ ನಾಲ್ವರೂ ಕೂತಿರುತ್ತಿದ್ದರು. ಆಗ ನಡೆಯುತ್ತಿದ್ದದ್ದು ಇಷ್ಟೇ.

"ಅತ್ತ್ಯಾರ, ಇನ್ನೊಂದು ರೊಟ್ಟಿ?"

"ಬ್ಯಾಡವ್ವ."

"ಆತ್ರಿ."

ಡಬ್ಬಿಯ ಮುಚ್ಚಳ ಬೀಳುತ್ತಿತ್ತು. ಗುರುಲಿಂಗವ್ವ ತಾಟಿನ ಅಂಚಿಗೆ ಉಳಿದ ಪಲ್ಯವನ್ನು ಬೆರಳಿನಿಂದ ಬಳಿದು, ನೀರು ಕುಡಿದು ಏಳುತ್ತಿದ್ದಳು. ಮಗ ಮೊಬೈಲಿನಲ್ಲಿ ಸುದ್ದಿ ನೋಡುತ್ತಿರುತ್ತಿದ್ದ. ಅತ್ತೆ ಅರ್ಧ ಹೊಟ್ಟೆಯಲ್ಲಿ ಎದ್ದಳು ಎನ್ನುವುದು ಅಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೆಟ್ಟವರು ಯಾರೂ ಇಲ್ಲದ ಮನೆಯಲ್ಲಿ ಒಬ್ಬಳು ಹಸಿದುಕೊಂಡು ಮಲಗುತ್ತಿದ್ದಳು.

ದೀಪಾವಳಿಯ ಹೊತ್ತಿಗೆ ಅವಳ ಕುಪ್ಪಸ ಸಡಿಲಾಗಿತ್ತು. ಮೊದಲು ನೋಡಿದವಳು ಶೀಲಾ. ಅವಳು ಹೆದರಿದಳು. ಈ ವಯಸ್ಸಿನಲ್ಲಿ ತೂಕ ಸುಮ್ಮನೆ ಇಳಿಯುವುದಿಲ್ಲ ಅನ್ನುವುದನ್ನು ದಿನಾ ನೋಡುವವಳು ಅವಳು. ಅತ್ತೆಯನ್ನು ಲ್ಯಾಬಿಗೆ ಕರೆದುಕೊಂಡು ಹೋಗಿ, ತಾನೇ ತೋಳಿಗೆ ಪಟ್ಟಿ ಕಟ್ಟಿ, ನೋಯದಂತೆ ರಕ್ತ ತೆಗೆದಳು. ಸಕ್ಕರೆ, ಥೈರಾಯ್ಡು, ಮೂತ್ರಪಿಂಡ, ಯಾವುದನ್ನೂ ಬಿಡಲಿಲ್ಲ. ಎಲ್ಲವೂ ಸರಿಯಾಗಿತ್ತು. ಡಾಕ್ಟರು ಹಸಿವಿಗೆಂದು ಒಂದು ಟಾನಿಕ್ಕು ಬರೆದುಕೊಟ್ಟರು. ಗುರುಲಿಂಗವ್ವ ಅದನ್ನು ತಪ್ಪದೆ ಕುಡಿದಳು, ಮೊದಲೇ ಇದ್ದ ಹಸಿವು ಇನ್ನಷ್ಟು ಹೆಚ್ಚಾಯಿತು.

"ನಿಮ್ಮವ್ವಗ ನನ್ನ ಅಡಿಗಿ ಸೇರೂದಿಲ್ಲ," ಎಂದಳು ಶೀಲಾ ಗಂಡನಿಗೆ, ಪಾತ್ರೆ ತೊಳೆಯುತ್ತ.

"ಆಕಿ ಹಂಗ ಅಂದಾಳೇನು?"

"ಅನ್ನೂದಿಲ್ಲ. ಅದ ತ್ರಾಸ. ಖಾರ ಕಡಿಮಿ ಮಾಡಿದೆ, ಉಣ್ಣಲಿಲ್ಲ. ಖಾರ ಹೆಚ್ಚ ಮಾಡಿದೆ, ಉಣ್ಣಲಿಲ್ಲ. ಪುಂಡಿಪಲ್ಯ ಅಂದ್ರ ಜೀವ ಅಂತಿದ್ರಿ, ಅದನ್ನೂ ಮಾಡಿದೆ. ಚಮಚದಷ್ಟು ಹಾಕ್ಕೊಂಡು ಎದ್ರು."

"ವಯಸ್ಸಾತಲ್ಲ ಶೀಲಾ. ಅಪ್ಪ ಹೋದದ್ದು ಬ್ಯಾರೆ ಮನಸಿಗೆ ಹಚ್ಕೊಂಡಾಳ."

"ಎಲ್ಲಾದಕ್ಕೂ ಒಂದು ಉತ್ತರ ಇಟ್ಕೊಂಡಿರ್ತೀರಿ ನೀವು," ಎಂದು ಶೀಲಾ ಬೋಗುಣಿಯನ್ನು ಸ್ವಲ್ಪ ಜೋರಾಗಿಯೇ ಬೋರಲು ಹಾಕಿದಳು.

ಅತ್ತ ಇಳಕಲ್‌ನಲ್ಲಿ ಸೀರೆ ಅಂಗಡಿಯವರ ಮನೆಗೆ ಕೊಟ್ಟ ಮಗಳು ಶಿವಲೀಲಾ ಎರಡು ದಿನಕ್ಕೊಮ್ಮೆ ಫೋನು ಮಾಡುತ್ತಿದ್ದಳು.

"ಊಟ ಆತೇನಬೇ?"

"ಆತವ್ವ."

"ಏನ ಉಂಡಿ?"

"ಎಲ್ಲಾ ಟೇಬಲ್ ಮ್ಯಾಲ ಇಟ್ಟಿರ್ತಾಳ. ಬೇಕಾದ್ದು ಹಾಕ್ಕೊಂಡು ಉಣ್ಣೂದು."

ತಾಯಿಯ ಮಾತಿನಲ್ಲಿ ದೂರಿರಲಿಲ್ಲ. ಆದರೂ ಶಿವಲೀಲಾಳಿಗೆ ಏನೋ ಚುಚ್ಚಿತು. ಸೃಷ್ಟಿಯ ಹುಟ್ಟುಹಬ್ಬದ ನೆವ ಮಾಡಿಕೊಂಡು ಬಂದೇಬಿಟ್ಟಳು. ತಾಯಿಯ ತೋಳು ಹಿಡಿದು ನೋಡಿದಳು, ಮೂಳೆ ಕೈಗೆ ಸಿಕ್ಕಿತು.

ಸಂಜೆ ಎಲ್ಲಿ ಊಟ ಎನ್ನುವುದನ್ನು ಸೃಷ್ಟಿ ವಾರದ ಮೊದಲೇ ತೀರ್ಮಾನಿಸಿದ್ದಳು. ಕಾಲೇಜಿನ ಹತ್ತಿರ, ಮೊದಲು ಝೆರಾಕ್ಸ್ ಅಂಗಡಿಯಿದ್ದ ಜಾಗದಲ್ಲಿ 'ಟೋಕಿಯೋ ಖಾನಾವಳಿ, ಶುದ್ಧ ಶಾಕಾಹಾರಿ' ಎಂಬ ಬೋರ್ಡು ಬಿದ್ದು ಆರೇಳು ತಿಂಗಳಾಗಿತ್ತು. ಅದರ ಮಾಲಕ ಯುವರಾಜ ಬೇವೂರಿನವನು, ಬೆಂಗಳೂರಿನ ಕಡೆ ಜಪಾನೀಯರ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಬಹಳ ವರ್ಷ ಅಡುಗೆ ಮಾಡಿ ಊರಿಗೆ ಮರಳಿದವನು. ಟೋಕಿಯೋದವರು ಆ ಬೋರ್ಡು ನೋಡಿದರೆ ಏನನ್ನುತ್ತಾರೋ ಗೊತ್ತಿಲ್ಲ, ನವನಗರದ ಹುಡುಗ ಹುಡುಗಿಯರು ಮಾತ್ರ ಮುಗಿಬಿದ್ದಿದ್ದರು. ದೊಡ್ಡ ಬಟ್ಟಲು ತುಂಬ ನೂಡಲ್ಸು ಸಿಗುತ್ತಿತ್ತು, ಕಿಸೆಗೂ ಭಾರವಿರಲಿಲ್ಲ.

ಒಳಗೆ ಬಂದು ಕೂತವರ ಬಳಿಗೆ ಯಾರೂ ಬರಲಿಲ್ಲ. ಗುರುಲಿಂಗವ್ವ ಸೆರಗು ಸರಿಮಾಡಿಕೊಂಡು ಸುತ್ತ ನೋಡಿದಳು.

"ಇಲ್ಲೇನು ಕೇಳಾಕ ಯಾರೂ ಬರೂದಿಲ್ಲೇನ?"

"ಇಲ್ಲ ಆಯಿ. ಈ ಸ್ಕ್ರೀನ್ ಮ್ಯಾಲ ಫೋಟೋ ಅದಾವ ನೋಡು, ನಮಗೇನು ಬೇಕೋ ಅದನ್ನ ಒತ್ತೂದು. ತಯಾರಾದ ಮ್ಯಾಲ ನಮ್ಮ ನಂಬರ ಬರ್ತೈತಿ. ಆ ಕಿಟಕ್ಯಾಗಿಂದ ನಾವ ಹೋಗಿ ತಗೊಂಡು ಬರೂದು."

"ಹಂಗಾರ ನಮ್ಮ ಮನಿ ಇದ್ದಂಗ ಐತಿ," ಎಂದಳು ಗುರುಲಿಂಗವ್ವ.

ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಶೀಲಾ ಅದನ್ನು ತನಗೆ ಕೊಟ್ಟ ಚಾಟಿ ಎಂದುಕೊಂಡಳು. ತುಟಿ ಬಿಗಿದುಕೊಂಡು ಸ್ಕ್ರೀನನ್ನು ತನ್ನ ಕಡೆ ಎಳೆದುಕೊಂಡಳು.

"ಸೃಷ್ಟಿ, ನಿನ್ನದು ಗೊತ್ತೈತಿ. ಏನ್ರಿ, ನಿಮಗೂ ನೂಡಲ್ಸ? ಶಿವಲೀಲಾ, ನಿನಗ?"

"ಏನರ ಹಾಕ್ರಿ ವೈನಿ, ನೀವು ತಿನ್ನೂದ ನನಗೂ."

"ಅತ್ತ್ಯಾರ, ನಿಮಗ?"

"ನನಗೇನೂ ಬ್ಯಾಡವ್ವ. ನೀವೆಲ್ಲಾರೂ ತಿನ್ರಿ."

"ಆತ್ರಿ."

ಶೀಲಾಳ ಬೆರಳು ಸ್ಕ್ರೀನಿನ ಮೇಲೆ ಚುರುಕು. ಅದರೊಳಗಿಂದ ಹೆಂಗಸಿನ ದನಿಯೊಂದು "ಇಷ್ಟ ಸಾಕೇನ್ರಿ? ಇನ್ನೊಂದೀ..." ಎಂದು ಶುರುಮಾಡುವಷ್ಟರಲ್ಲಿ ಅವಳು 'ಸಾಕು' ಒತ್ತಿದಳು. ಅದು ಮತ್ತೆ ಬಾಯಿ ತೆರೆಯಿತು, ಮತ್ತೆ ಒತ್ತಿದಳು. ಮೂರನೆಯ ಸಲ ಮಾತು ಹೊರಡುವ ಮೊದಲೇ ಒತ್ತಿ ಮುಗಿಸಿದಳು. ಲ್ಯಾಬಿನಲ್ಲಿ ದಿನಪೂರ್ತಿ ಇಂಥದೇ ಯಂತ್ರಗಳ ಜೊತೆ ಇರುವವಳಿಗೆ ಅವುಗಳ ಉಪಚಾರ ಕೇಳುವ ತಾಳ್ಮೆಯಿಲ್ಲ.

ನಂಬರು ಬಂತು. ಸೃಷ್ಟಿ ಮತ್ತು ಅನಿಲಕುಮಾರ ಹೋಗಿ ತಂದರು. ನಾಲ್ಕು ಬಟ್ಟಲು ಟೇಬಲ್ಲಿಗೆ ಬಂದವು. ಹಬೆಯಾಡುವ ಸೋಯಾ ಸಾರಿನಲ್ಲಿ ದಪ್ಪ ಶಾವಿಗೆಯಂಥ ನೂಡಲ್ಸು, ಮೇಲೆ ಗಜ್ಜರಿ, ಎಳ್ಳು, ಉಳ್ಳಾಗಡ್ಡಿ ತಪ್ಪಲು. ಗುರುಲಿಂಗವ್ವನ ಮುಂದೆ ಮಾತ್ರ ಒಂದು ನೀರಿನ ಲೋಟವಿತ್ತು.

ಶಿವಲೀಲಾ ಇನ್ನೊಂದು ಬಟ್ಟಲು ಬರಬಹುದೆಂದು ಕಿಟಕಿಯ ಕಡೆ ನೋಡಿದಳು. ಬರಲಿಲ್ಲ.

"ಅವ್ವಂದು ಎಲ್ಲಿ?"

"ಅತ್ತ್ಯಾರು ಬ್ಯಾಡ ಅಂದ್ರು."

"ಬ್ಯಾಡ ಅಂದ್ರ?"

"ಬ್ಯಾಡ ಅಂದ್ರ ಬ್ಯಾಡ ಅಂತ."

"ವೈನಿ, ಆಕಿ ಬ್ಯಾಡ ಅಂತಾಳ, ನೀವು ಬಿಟ್ಟಬಿಡ್ತೀರಿ? ಎಲ್ಲಾರೂ ತಿನ್ನೂ ಮುಂದ ಆಕಿ ಬರೇ ನೀರ ಕುಡದು ಕೂಡ್ರಬೇಕೇನು?"

"ನಾ ಕೇಳಿದೆ. ನಿನ್ನ ಮುಂದನ ಕೇಳಿದೆ."

"ಇದಕ್ಕ ಕೇಳೂದು ಅಂತಾರೇನು?"

ಶಿವಲೀಲಾ ತನ್ನ ಬಟ್ಟಲನ್ನು ತಾಯಿಯ ಕಡೆ ತಳ್ಳಿದಳು. ಗುರುಲಿಂಗವ್ವ ಅದನ್ನು ಮರಳಿ ತಳ್ಳಿ, "ಸುಮ್ನ ಉಣ್ಣು, ಕೂಸಿನ ಹುಟ್ಟಹಬ್ಬದಾಗ ಜಗಳ ತಗೀಬ್ಯಾಡ" ಎಂದಳು. ಅನಿಲಕುಮಾರ "ನಂದರಾಗ ಅರ್ಧ ತಗೋ ಯವ್ವಾ" ಅಂದ, ಆಕೆ ಬ್ಯಾಡ ಅಂದಳು, ಆತನೂ ಹೆಂಡತಿಯ ಹಾಗೆಯೇ ಸುಮ್ಮನಾದ. ಗುರುಲಿಂಗವ್ವನಿಗೆ ನಿಜಕ್ಕೂ ಹಸಿವಾಗಿತ್ತು. ಆ ಸಾರಿನ ವಾಸನೆಗೆ ಬಾಯಲ್ಲಿ ನೀರು ಬಂದು, ಅದನ್ನು ನುಂಗಿಕೊಂಡು ಗೋಡೆಯ ಮೇಲಿನ ಪರ್ವತದ ಚಿತ್ರವನ್ನು ನೋಡುತ್ತ ಕೂತಳು.

ಮನೆಗೆ ಬಂದ ಮೇಲೆ ಶಿವಲೀಲಾ ತಡೆದುಕೊಳ್ಳಲಿಲ್ಲ.

"ಅಣ್ಣಾ, ಅವ್ವನ ನಾ ಕರ್ಕೊಂಡು ಹೋಗ್ತೇನಿ. ನಾಕ ತಿಂಗಳದಾಗ ಆಕಿ ಹ್ಯಾಂಗಾಗ್ಯಾಳ ನೋಡು. ನೆಂಟರೆಲ್ಲ ನೋಡಿದ್ರ ಏನಂದಾರು? ಸೊಸಿ ಅತ್ತೀನ ಉಪಾಸ ಕೆಡವಿದ್ಲು ಅಂತಾರ."

"ಯಾರು ಅಂತಾರ? ನೀನ ಅನ್ನಾಕಿ," ಶೀಲಾ ಒಳಗಿನಿಂದ ಬಂದಳು. "ನಾ ಮಾಡಿದ್ದು, ಇಟ್ಟಿದ್ದು, ತಪಾಸ ಮಾಡ್ಸಿದ್ದು ಯಾವುದೂ ನಿನಗ ಕಾಣಲಿಲ್ಲೇನು?"

"ಇಟ್ಟದ್ದು ಕಂಡೈತ್ರಿ. ನೀಡಿದ್ದು ಕಾಣಲಿಲ್ಲ."

"ಸಾಕು ಮಾಡ್ರಿ ಇಬ್ಬರೂ," ಎಂದ ಅನಿಲಕುಮಾರ. "ಯವ್ವಾ, ನೀನ ಹೇಳು. ಹೋಗ್ತೀಯೇನು?"

ಗುರುಲಿಂಗವ್ವ ಸೊಸೆಯ ಮುಖ ನೋಡಿದಳು. ಶೀಲಾ ನೆಲ ನೋಡುತ್ತಿದ್ದಳು. ಯಾರಾದರೂ ಬೇಡ ಅನ್ನಬಹುದೆಂದು ಗುರುಲಿಂಗವ್ವ ಸ್ವಲ್ಪ ಹೊತ್ತು ಕಾದಳು.

"ಹುಣ್ಣಿವಿ ಆದ ಮ್ಯಾಲ ಹೋಗ್ತೇನಿ ಬಿಡು," ಎಂದಳು ಕೊನೆಗೆ.

ಈ ರಂಪದಲ್ಲಿ ಹೆಚ್ಚು ನೊಂದವಳು ಸೃಷ್ಟಿ. ತನ್ನ ಹುಟ್ಟುಹಬ್ಬದಿಂದಲೇ ಆಯಿ ಮನೆ ಬಿಡುವಂತಾಯಿತಲ್ಲ ಎಂದು ಅವಳಿಗೆ. ಮುಂದಿನ ವಾರ ಮಧ್ಯಾಹ್ನ ಕಾಲೇಜು ಬೇಗ ಬಿಟ್ಟಿತು. ಮನೆಯಲ್ಲಿ ಆಯಿ ಒಬ್ಬಳೇ ಇದ್ದಳು.

"ನಡಿ ಆಯಿ, ಟೋಕಿಯೋಕ್ಕ ಹೋಗೂಣು. ನಾ ಕೊಡಸ್ತೇನಿ."

"ಏ, ಬ್ಯಾಡ."

"ಚಪ್ಪಲ್ ಹಾಕ್ಕೋ."

"ಒಲ್ಲೆ ಅಂದೆನಲ್ಲ."

"ಆ ಕಪ್ಪೂ ಚಪ್ಪಲ್ಲೋ ಕಂದೂ ಚಪ್ಪಲ್ಲೋ?"

ಹರೆಯದವರಿಗೆ ಹಿರಿಯರ ಬೇಡಗಳನ್ನು ಎಣಿಸುವಷ್ಟು ಪುರುಸೊತ್ತಿಲ್ಲ. ಕೈಹಿಡಿದು ಎಳೆದುಕೊಂಡೇ ಹೋದಳು.

ಆ ಹೊತ್ತಿನಲ್ಲಿ ಖಾನಾವಳಿ ಖಾಲಿಯಿತ್ತು. ಸೃಷ್ಟಿ ಸ್ಕ್ರೀನನ್ನು ಅಜ್ಜಿಯ ಮುಂದಿಟ್ಟಳು. "ಇವತ್ತ ನೀನ ಒತ್ತು. ನನಗ ಇದು, ನೋಡು." ಗುರುಲಿಂಗವ್ವ ನಾಲ್ಕನೆಯ ಇಯತ್ತೆ ಓದಿದವಳು, ಕನ್ನಡ ಓದಲು ಬರುತ್ತಿತ್ತು. ಮೊಮ್ಮಗಳ ಬಟ್ಟಲಿನ ಚಿತ್ರದ ಮೇಲೆ ಬೆರಳಿಟ್ಟು, 'ಕಳಿಸು' ಎನ್ನುವುದನ್ನು ಒತ್ತಿದಳು.

"ಇಷ್ಟ ಸಾಕೇನ್ರಿ?" ಎಂದಿತು ಹೆಂಗಸಿನ ದನಿ. "ಇನ್ನೊಂದೀಟು ನೋಡ್ರಿ."

"ಸಾಕವ್ವ," ಎಂದಳು ಗುರುಲಿಂಗವ್ವ.

ಸೃಷ್ಟಿ ನಕ್ಕಳು. "ಬಾಯಿಲೆ ಅಂದ್ರ ಅದಕ್ಕ ಕೇಳ್ಸೂದಿಲ್ಲ ಆಯಿ. ಒತ್ತಬೇಕು."

ಒತ್ತಿದಳು.

"ಹಂಗ ಅನ್ನಬ್ಯಾಡ್ರಿ. ಬಿಸಿಬಿಸಿ ಕಡಬು ಅದಾವು. ಎರಡರ ತಿನ್ರಿ."

"ಯಾರ ಇವರು?"

"ಮಾಲಕನ ಅವ್ವ, ಇಂದ್ರವ್ವ ಅಂತ. ಇಂಗ್ಲಿಷ್ ಹುಡುಗಿ ದನಿ ಇಟ್ಟಿದ್ರಂತ ಮೊದಲ, ಮಂದಿ ಹೆದರಿ ಏಳ್ತಿದ್ರಂತ. ಅದಕ್ಕ ಅವರವ್ವನ ಕಡಿಂದ ಹೇಳ್ಸಿ ರೆಕಾರ್ಡ್ ಮಾಡ್ಯಾರ."

"ರೆಕಾರ್ಡ್ ಅನ್ನೂದು ನನಗೂ ತಿಳೀತೈತಿ," ಎಂದು ಗುರುಲಿಂಗವ್ವ ಎರಡನೆಯ 'ಸಾಕು' ಒತ್ತಿದಳು.

"ಅಯ್ಯ, ಉಪಾಸ ಕೂಡ್ರತೀರೇನು? ಹೊಟ್ಟಿ ತುಂಬ ಉಣ್ರಿ. ಏನರ ಒಂದು ತಗೊಳ್ಳಾಕ ಬೇಕು, ನಾ ಬಿಡಾಕಿ ಅಲ್ಲ."

ಗುರುಲಿಂಗವ್ವನ ಬೆರಳು 'ಸಾಕು' ಎನ್ನುವುದರ ಮೇಲೆ ಹೋಗಿ ಹಾಗೆಯೇ ನಿಂತಿತು. ವರ್ಷಕ್ಕೂ ಹೆಚ್ಚು ಕಾಲದಿಂದ ಅವಳಿಗೆ ಯಾರೂ ಹೀಗೆ ಹೇಳಿರಲಿಲ್ಲ. ಗಂಡ ಸತ್ತಾಗ ಬಂದವರೆಲ್ಲ ಸಮಾಧಾನ ಹೇಳಿದ್ದರು, ಧೈರ್ಯ ಹೇಳಿದ್ದರು. ಇದನ್ನು ಹೇಳಿದವರಿಲ್ಲ.

"ಇಷ್ಟು ಕೇಳಾಕತ್ತಾಳ," ಎಂದಳು ಮೆಲ್ಲಗೆ. "ಮತ್ತೂ ಒಲ್ಲೆ ಅಂದ್ರ ಚಲೋ ಕಾಣೂದಿಲ್ಲ."

ಒಂದು ಬಟ್ಟಲು ಒತ್ತಿದಳು. ಕಡುಬನ್ನೂ ಒತ್ತಿದಳು. ತಿನ್ನಲೆಂದು ಕೊಟ್ಟ ಬಿದಿರುಕಡ್ಡಿಗಳನ್ನು ಪಕ್ಕಕ್ಕಿಟ್ಟು, ಚಮಚದಿಂದ ಸಾರು ಕುಡಿದು, ನೂಡಲ್ಸನ್ನು ಶಾವಿಗೆ ಉಂಡ ಹಾಗೆಯೇ ಉಂಡಳು. ಬಟ್ಟಲಿನ ತಳ ಕಾಣುವ ತನಕ ತಲೆಯೆತ್ತಲಿಲ್ಲ. ನಡುವೆ ಒಮ್ಮೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಖಾರ ಐತೇನ ಆಯಿ?"

"ಹೂಂ," ಎಂದಳು. ಆ ಸಾರಿನಲ್ಲಿ ಖಾರ ಹೆಸರಿಗೂ ಇರಲಿಲ್ಲ.

ಸಂಜೆ ಶೀಲಾ ಮನೆಗೆ ಬಂದು ಹೀರೇಕಾಯಿ ಹೆಚ್ಚುತ್ತ ಕೂತಾಗ ಸೃಷ್ಟಿ ಎಲ್ಲವನ್ನೂ ಹೇಳಿದಳು, ಖುಷಿಯಿಂದ, ಅಭಿನಯ ಮಾಡಿ ತೋರಿಸುತ್ತ. "ಮಮ್ಮಿ, ಆಯಿ ಪೂರಾ ಬಟ್ಟಲ ಖಾಲಿ ಮಾಡಿದ್ಲು! ಕಡಬೂ ತಿಂದ್ಲು! ಸ್ಕ್ರೀನಿಗೆ ಸಾಕವ್ವ, ಸಾಕವ್ವ ಅಂತ ಮಾತಾಡಿದ್ಲು!"

ಶೀಲಾಳ ಕೈ ನಿಂತಿತು.

"ಅತ್ತ್ಯಾರ, ಖರೇನ್ರಿ?"

ಗುರುಲಿಂಗವ್ವ ದೇವರ ಮುಂದಿನ ಬತ್ತಿ ಹೊಸೆಯುತ್ತಿದ್ದವಳು "ಹೂಂ" ಅಂದಳು.

"ನಾ ಕೇಳಿದ್ರ ಬ್ಯಾಡ. ಯಂತ್ರ ಕೇಳಿದ್ರ ಹೂಂ."

"ಆಕಿ ಮೂರು ಸಲ ಕೇಳಿದ್ಲು."

"ಆಕಿ ಅಂದ್ರ ಯಾರ್ರಿ? ಅದು ಯಂತ್ರ."

"ಯಂತ್ರ ಆದ್ರೂ ಕೇಳಿತಲ್ಲ ಯವ್ವಾ. ನೀ ಒಮ್ಮೆ ಕೇಳಿ ಮುಚ್ಚಳ ಹಾಕ್ತಿ."

ಶೀಲಾಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಗಿ ಸಿಟ್ಟು ಬಂತು. "ಬ್ಯಾಡ ಅಂದವರಿಗೆ ಮತ್ತ ಮತ್ತ ಕೇಳೂದಂದ್ರ ಅವರ ಮಾತಿಗೆ ಬೆಲಿ ಇಲ್ಲಂತ ಅಲ್ಲೇನ್ರಿ? ನಾನು ಹುನಗುಂದಕ್ಕ ಬಂದಾಗೆಲ್ಲ ನೀವು ಹಂಗ ಮಾಡ್ತಿದ್ರಿ. ಬ್ಯಾಡ ಬ್ಯಾಡ ಅಂದ್ರೂ ತಾಟಿಗೆ ಹಾಕ್ತಿದ್ರಿ. ಕೈ ಅಡ್ಡ ಹಿಡಿದ್ರ ಕೈ ಮ್ಯಾಲ ಹಾಕ್ತಿದ್ರಿ. ನನಗ ಅಳು ಬರ್ತಿತ್ತು."

"ಉಪಚಾರ ಮಾಡಿದ್ದಕ್ಕ ಅಳತಾರೇನು?"

"ನನಗೇನು ಗೊತ್ರಿ ಉಪಚಾರ? ನಮ್ಮವ್ವ ಸತ್ತಾಗ ನಾ ಐದನೇ ಇಯತ್ತೆ. ಅಲ್ಲಿಂದ ಮುಂದ ಪೂರಾ ಹಾಸ್ಟೆಲ್. ತಾಟ ಹಿಡ್ಕೊಂಡು ಸಾಲಿನ್ಯಾಗ ನಿಲ್ಲೂದು. ಬೇಕೇನು ಅಂತ ಒಮ್ಮೆ ಕೇಳ್ತಿದ್ರು. ಬ್ಯಾಡ ಅಂದ್ರ ಸೌಟು ಮುಂದಿನಾಕಿ ತಾಟಿಗೆ ಹೋಗ್ತಿತ್ತು. ಹಸಿವಾದ್ರ ಬೇಕು ಅನ್ನೂದು, ಇಲ್ಲಂದ್ರ ಬ್ಯಾಡ ಅನ್ನೂದು, ಅಷ್ಟ ನಾ ಕಲತದ್ದು."

ಗುರುಲಿಂಗವ್ವನ ಕೈಯಲ್ಲಿ ಬತ್ತಿ ಹಾಗೆಯೇ ಉಳಿಯಿತು. ಶೀಲಾ ಸೊಸೆಯಾಗಿ ಬಂದು ಇಪ್ಪತ್ತು ವರ್ಷವಾಗಿದ್ದರೂ ಅವಳ ಬಾಯಿಂದ ಈ ಮಾತನ್ನು ಎಂದೂ ಕೇಳಿರಲಿಲ್ಲ. ಆದರೆ ಶೀಲಾ ನಿಲ್ಲಿಸುವ ಸ್ಥಿತಿಯಲ್ಲಿರಲಿಲ್ಲ.

"ಏನೋ ದೊಡ್ಡ ರೋಗ ಐತಿ ಅಂತ ನಾ ಹೆದರಿ ಸತ್ತೇನ್ರಿ. ನಿಮ್ಮ ರಿಪೋರ್ಟ್ ಬರೂತನಕ ಗಂಟಲದಾಗ ನೀರ ಇಳಿದಿಲ್ಲ. ಹಸಿವಾಗೈತಿ ಶೀಲಾ ಅಂತ ಒಂದ ಮಾತ ಅಂದಿದ್ರ ಏನಾಗ್ತಿತ್ತು?"

"ಸೊಸಿ ಮುಂದ ನಿಂತು ಅನ್ನಾ ಬೇಡ್ಲೇನು ನಾ?"

"ಬೇಡೂದು ಹ್ಯಾಂಗಾಕೈತ್ರಿ? ನಿಮ್ಮ ಮನಿ ಇದು!"

"ನನ್ನ ಮನಿ ಹುನಗುಂದದಾಗಿತ್ತು."

ಶೀಲಾ ಹೀರೇಕಾಯಿಯ ಚೂರುಗಳನ್ನು ತಾಟಿಗೆ ಸುರಿದು ಎದ್ದಳು. "ಹಂಗಾರ ಇಳಕಲ್ಲಿಗೆ ಹೋಗ್ರಿ. ಅಲ್ಲಿ ಮೂರ ಸಲ ಕೇಳ್ತಾರ. ಹೋಗ್ರಿ."

ಹೇಳಬಾರದಿತ್ತು ಎಂದು ಒಲೆ ಹಚ್ಚುವ ಹೊತ್ತಿಗೇ ಅವಳಿಗೆ ಅನಿಸಿತು. ಆದರೆ ಆಡಿಯಾಗಿತ್ತು, ಆಡಿದ್ದನ್ನು ವಾಪಸು ತೆಗೆದುಕೊಳ್ಳುವುದು ಹೇಗೆ ಎನ್ನುವುದನ್ನು ಹಾಸ್ಟೆಲಿನಲ್ಲಿ ಯಾರೂ ಕಲಿಸಿರಲಿಲ್ಲ.

ಅಂದಿನಿಂದ ಮನೆಯಲ್ಲಿ ಊಟ ಬದಲಾಯಿತು. ಶೀಲಾ ಏನನ್ನೂ ಕೇಳುತ್ತಿರಲಿಲ್ಲ, ಅತ್ತೆಯ ತಾಟಿಗೆ ಸುಮ್ಮನೆ ರೊಟ್ಟಿ ಹಾಕುತ್ತಿದ್ದಳು, ಪಲ್ಯ ಹಾಕುತ್ತಿದ್ದಳು. ಗುರುಲಿಂಗವ್ವ ಸುಮ್ಮನೆ ಉಣ್ಣುತ್ತಿದ್ದಳು. ಶೀಲಾ ಮಧ್ಯಾಹ್ನಕ್ಕೆಂದು ತಾಟನ್ನೇ ತುಂಬಿಸಿ ಮೇಲೊಂದು ತಾಟು ಮುಚ್ಚಿ ಇಟ್ಟು ಹೋಗುತ್ತಿದ್ದಳು, ಅದೂ ಖಾಲಿಯಾಗುತ್ತಿತ್ತು. ಗುರುಲಿಂಗವ್ವನ ಮುಖಕ್ಕೆ ಕಳೆ ಬಂತು. ಹೊಟ್ಟೆಯ ಸಂಗತಿ ಹೀಗೆ ಸರಿಹೋಯಿತು, ಹೋಗುವ ಸಂಗತಿ ಹಾಗೆಯೇ ಉಳಿಯಿತು. ಇಬ್ಬರೂ ಅದರ ಬಗ್ಗೆ ಮಾತೆತ್ತಲಿಲ್ಲ. ಹುಣ್ಣಿಮೆ ಹತ್ತಿರ ಬರುತ್ತಿತ್ತು.

ಅನಿಲಕುಮಾರ ತನ್ನ ಕೈಲಾದದ್ದು ಮಾಡಿದ.

"ಯವ್ವಾ, ಹೋಗಬ್ಯಾಡ ಬಿಡು."

"ನೀ ಅಂದ್ರ ಆಗೂದಿಲ್ಲಪ್ಪ."

"ಮತ್ತ ಯಾರು ಅನ್ನಬೇಕು?"

ಗುರುಲಿಂಗವ್ವ ಸೀರೆ ಮಡಿಸಿದಳು. ಅವನು ಅಡುಗೆಮನೆಗೆ ಬಂದ.

"ಶೀಲಾ, ನೀ ಒಂದ ಮಾತ ಅನ್ನು. ಅವ್ವ ಇರ್ತಾಳ."

"ಹೋಗ್ರಿ ಅಂದಾಕಿ ನಾನ. ಯಾವ ಬಾಯಿಲೆ ಇರ್ರಿ ಅನ್ಲಿ? ಹೋಗೂದು ಅವರ ಇಚ್ಛಾ. ಹೋಗ್ತೇನಿ ಅಂದಾರ."

"ಆಕಿ ಅಂದದ್ದನ್ನ ನೀ ಮತ್ತ ಖರೆ ತಿಳ್ಕೊಳ್ಳಾಕತ್ತಿ," ಎಂದ ಅನಿಲಕುಮಾರ. ಇಷ್ಟು ದಿನಗಳಲ್ಲಿ ಆತ ಆಡಿದ ಬುದ್ಧಿವಂತಿಕೆಯ ಮಾತು ಅದೊಂದೇ. ಶೀಲಾ ಹಿಟ್ಟು ನಾದುವುದನ್ನು ಬಿಟ್ಟು ಗಂಡನ ಮುಖ ನೋಡಿದಳು.

ಹುಣ್ಣಿಮೆಯ ಮರುದಿನ ಬೆಳಗ್ಗೆ ಶಿವಲೀಲಾ ಗಂಡನ ಕಾರು ತಂದಳು. ಶೀಲಾ ಲ್ಯಾಬಿಗೆ ರಜೆ ಹಾಕಿದ್ದಳು. ಬೆಳಗ್ಗೆಯಿಂದ ಅತ್ತೆಯ ಸಾಮಾನುಗಳನ್ನು ಜೋಡಿಸಿಕೊಟ್ಟಿದ್ದಳು. ಗುಳಿಗೆಗಳ ಡಬ್ಬಿ, ಸ್ವೆಟರು, ಹೊಸದಾಗಿ ಕುಟ್ಟಿದ ಶೇಂಗಾಚಟ್ನಿ. ಶಿವಲೀಲಾ ತಾಯಿಯ ಮುಖ ನೋಡಿ, "ಅಲ್ಲಬೇ, ಚಲೋ ಆಗೀಯಲ್ಲ!" ಎಂದು ಆಶ್ಚರ್ಯಪಟ್ಟಳು. ಅನಿಲಕುಮಾರ ಚೀಲವನ್ನು ಕಾರಿನ ಡಿಕ್ಕಿಯಲ್ಲಿಟ್ಟ. ಸೃಷ್ಟಿ ಕಾಲೇಜಿಗೆ ಹೋಗದೆ ಗೇಟಿಗೆ ಒರಗಿ ನಿಂತಿದ್ದಳು, ಅವಳ ಮೂಗು ಕೆಂಪಾಗಿತ್ತು.

ಶೀಲಾ ಬಂದು ಅತ್ತೆಯ ಕಾಲು ಮುಟ್ಟಿದಳು. ಎದ್ದು ನಿಂತವಳು ಅಲ್ಲಿಂದ ಸರಿಯಲಿಲ್ಲ.

"ಇಲ್ಲೇ ಇರ್ರಿ ಅತ್ತ್ಯಾರ," ಎಂದಳು.

"ಇಲ್ಲವ್ವ, ಹೋಗಿ ಬರ್ತೇನಿ. ಗಾಡಿ ಬಂದೈತಿ."

"ಆತ್ರಿ" ಎನ್ನುವ ಮಾತು ಶೀಲಾಳ ನಾಲಿಗೆಯ ತುದಿಗೆ ಬಂತು. ಇಡೀ ಜನ್ಮದ ರೂಢಿ ಅದು. ಅವಳು ಅದನ್ನು ನುಂಗಿಕೊಂಡಳು.

"ಹೋಗಬ್ಯಾಡ್ರಿ. ಅವತ್ತ ನಾ ಸಿಟ್ಟಿಲೆ ಅಂದದ್ದು, ಮನಸಿಲೆ ಅಲ್ಲ. ನಾ ಬರೂದರಾಗ ಮನ್ಯಾಗ ನೀವಿರ್ತೀರಿ ಅಂದ್ರ ನನಗ ಒಂದು ಹಿತ ಆಕೈತ್ರಿ. ಇರ್ರಿ."

"ಬ್ಯಾಡ ತಂಗಿ. ಶಿವಲೀಲಾ ಅಷ್ಟು ದೂರದಿಂದ ಬಂದಾಳ. ಹೊಂಡ್ತೇನಿ."

ಶೀಲಾಳ ಮುಖ ಇಳಿದುಹೋಯಿತು. ಅವಳು ತನ್ನ ಬಾಳಿನಲ್ಲಿ ಯಾರಲ್ಲಿಯೂ ಏನನ್ನೂ ಎರಡು ಸಲ ಕೇಳಿದವಳಲ್ಲ. ಈಗ ಎರಡು ಸಲ ಕೇಳಿದ್ದೇ ಅವಳಿಗೆ ಬೆಟ್ಟ ಹತ್ತಿದಷ್ಟಾಗಿತ್ತು. ಹೋಗಿ ಕಾರಿನ ಬಾಗಿಲು ತೆರೆದು ಹಿಡಿದಳು.

ಗುರುಲಿಂಗವ್ವ ಬಂದು ಒಂದು ಕಾಲನ್ನು ಕಾರಿನೊಳಗಿಟ್ಟಳು. ಆಮೇಲೆ ನಿಂತಳು. ಒಳಗೆ ಕೂರಲಿಲ್ಲ, ಹೊರಗೂ ಬರಲಿಲ್ಲ. ಶಿವಲೀಲಾ "ಕೂಡಬೇ" ಅಂದಳು. ಗುರುಲಿಂಗವ್ವ ಕಾರಿನ ಬಾಗಿಲು ಹಿಡಿದುಕೊಂಡೇ ಸೊಸೆಯ ಕಡೆ ತಿರುಗಿದಳು. ಅವಳ ದನಿಯಲ್ಲಿ ಸಿಟ್ಟಿತ್ತು, ನಾಚಿಕೆಯಿತ್ತು, ಕಣ್ಣು ತುಂಬಿತ್ತು.

"ಇನ್ನೊಂದ ಸಲ ಕೇಳು, ಹುಚ್ಚಿ. ಎರಡಕ್ಕ ಯಾರರ ಬಿಡ್ತಾರೇನು?"

ಶೀಲಾ ಬಾಯಿ ತೆರೆದಳು. ಅಳು ಬಂದು ಮಾತು ಹೊರಡಲಿಲ್ಲ. ಗುರುಲಿಂಗವ್ವ ಕಾದಳು. ರಸ್ತೆಯಲ್ಲಿ ಒಂದು ಟಂಟಂ ಗಾಡಿ ಹಾದುಹೋಯಿತು, ಎದುರುಮನೆಯವರು ಬಾಗಿಲಿಗೆ ಬಂದು ನೋಡಿದರು. ಆಕೆ ಯಾರನ್ನೂ ನೋಡದೆ ಕಾದಳು.

"ಇರ್ರಿ," ಎಂದಳು ಶೀಲಾ.

"ಆತು. ಇಷ್ಟು ಕೇಳಾಕತ್ತಿ, ಇರ್ತೇನಿ."

ಗುರುಲಿಂಗವ್ವ ಕಾಲನ್ನು ಕಾರಿನಿಂದ ಹೊರಗೆ ತೆಗೆದಳು. ಶಿವಲೀಲಾ ಏನೋ ಹೇಳಲು ಬಾಯಿ ತೆರೆಯುವ ಮೊದಲೇ ಅನಿಲಕುಮಾರ ಓಡಿಹೋಗಿ ಡಿಕ್ಕಿಯಿಂದ ಚೀಲ ಇಳಿಸಿಕೊಂಡ.